ಗೆರೆ ಮೇಸ್ತ್ರಿಯೂ ಇಸ್ತ್ರಿ ಬನ್ನೂ

ದೇವರು ಮನುಷ್ಯನಿಗೆ ಕೀರ್ತಿ ಕೊಡುವಾಗ ಅವನನ್ನು ಕೇಳಿ ಕೊಡುವುದಿಲ್ಲ. ಕೇಳಿ ಕೊಡುವ ಪದ್ಧತಿ ಇದ್ದಿದ್ದರೆ, ಬಸ್ ಡಿಪೋದ ಎದುರಿನ ಚಿಕ್ಕ ಅಂಗಡಿಯಲ್ಲಿ ಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದ ಆ ಪುಣ್ಯಾತ್ಮ "ಸ್ವಾಮೀ, ಹೆಸರು ಬರುವುದಾದರೆ ನನ್ನ ಗೆರೆಗೆ ಬರಲಿ, ಬನ್ನಿಗೆ ಬೇಡ" ಎಂದು ಕೈಮುಗಿದು ಬೇಡಿಕೊಳ್ಳುತ್ತಿದ್ದ.

ಅವನಿಗೆ ಗೆರೆ ಮೇಸ್ತ್ರಿ ಎಂಬ ಹೆಸರು ಸುಮ್ಮನೆ ಬಂದದ್ದಲ್ಲ. ಅವನು ಪ್ಯಾಂಟಿಗೆ ಕೂರಿಸುತ್ತಿದ್ದ ಗೆರೆ ಸೊಂಟದಿಂದ ಹಿಮ್ಮಡಿಯವರೆಗೆ ಎಲ್ಲೂ ಅಲುಗದೆ, ಬಾಗದೆ, ಸತ್ಯವಂತನ ಮಾತಿನ ಹಾಗೆ ನೇರವಾಗಿ ಇಳಿಯುತ್ತಿತ್ತು. "ಮೇಸ್ತ್ರಿ ಗೆರೆ ಮೇಲೆ ಬೆರಳಾಡಿಸಬೇಡ್ರೋ, ಕುಯ್ದೀತು" ಎಂದು ಚಾಲಕರು ತಮಾಷೆ ಮಾಡುತ್ತಿದ್ದರು. ಆ ತಮಾಷೆ ಅವನಿಗೆ ಹಾಲು ಕುಡಿದಷ್ಟು ಸಂತೋಷ ಕೊಡುತ್ತಿತ್ತು. ಡಿಪೋದ ಚಾಲಕರ, ನಿರ್ವಾಹಕರ ಸಮವಸ್ತ್ರಗಳಿಗೆ ಇಸ್ತ್ರಿ ಹಾಕುವ ಕೆಲಸ ಅವನ ತಂದೆಯ ಕಾಲದಿಂದ ಆ ಅಂಗಡಿಯದೇ ಆಗಿತ್ತು. ಬೆಳಗಿನ ಬಸ್ಸುಗಳು ಗೇಟು ದಾಟುವಾಗ ಅವನು ಬಾಗಿಲಲ್ಲಿ ನಿಂತು, ಕಿಟಕಿಯಲ್ಲಿ ಕಾಣುವ ಒಂದೊಂದು ಕಾಲರನ್ನೂ ಮದುವೆಯಾಗಿ ಹೋಗುವ ಮಗಳನ್ನು ನೋಡುವ ತಂದೆಯಂತೆ ನೋಡುತ್ತಿದ್ದ.

ಕೆಲಸದಲ್ಲಿ ಅವನಿಗೊಂದು ವಾಡಿಕೆಯಿತ್ತು. ನೀರು ಚಿಮುಕಿಸಿದ ಅಂಗಿಯನ್ನು ಮೇಜಿನ ಕಂಬಳಿಯ ಮೇಲೆ ಬೋರಲಾಗಿ ಹರಡಿ, ಕೆಂಡದ ಇಸ್ತ್ರಿ ಪೆಟ್ಟಿಗೆಯನ್ನು ಮೊಟ್ಟಮೊದಲು ಬೆನ್ನಿನ ನಡುಮಧ್ಯದಲ್ಲಿ ಇಟ್ಟು, ಒಂದು ಉಸಿರಿನ ಕಾಲ ಹಾಗೆಯೇ ಹಿಡಿಯುತ್ತಿದ್ದ. "ಈ ಅಂಗಿ ತೊಟ್ಟವನು ಸಂಜೆ ಮನೆ ಸೇರಲಿ ತಂದೇ" ಎಂದು ಆ ಉಸಿರಿನಲ್ಲಿ ಹೇಳಿಕೊಳ್ಳುತ್ತಿದ್ದ. ಅನಂತರವೇ ಪೆಟ್ಟಿಗೆ ಸರಿಯುತ್ತಿತ್ತು. ಬಸ್ಸು ಓಡಿಸುವವರ ಬೆನ್ನಿಗೆ ಇದಕ್ಕಿಂತ ದೊಡ್ಡ ರಕ್ಷೆ ಬೇಕೆ? ಅವರಿಗೆ ಅದು ಗೊತ್ತಿರಲಿಲ್ಲ. ಅವನಾಗಿ ಯಾರಿಗೂ ಹೇಳಿದವನೂ ಅಲ್ಲ.

ಇನ್ನು ಬನ್ನಿನ ಸಂಗತಿ. ಒಂದು ಚಳಿಗಾಲದ ಮಧ್ಯಾಹ್ನ ಹೆಂಡತಿ ಅವನ ಊಟಕ್ಕೆಂದು ಬನ್ನನ್ನು ಸೀಳಿ, ಬೇಯಿಸಿ ಹಿಸುಕಿದ ಆಲೂಗಡ್ಡೆ, ಹುರಿದ ಈರುಳ್ಳಿ ತುಂಬಿ, ಮೇಲಿಷ್ಟು ಬೆಣ್ಣೆ ಸವರಿ, ಕಂದು ಕಾಗದದಲ್ಲಿ ಸುತ್ತಿ ಕೊಟ್ಟಿದ್ದಳು. ಅಂಗಡಿಯ ಹಿಂದೆಯೇ ಮನೆಯಾದರೂ ಕೆಲಸದ ಒತ್ತಡದಲ್ಲಿ ಒಳಗೆ ಹೋಗಿ ಉಣ್ಣುವಷ್ಟು ಪುರುಸೊತ್ತು ಅವನಿಗೆ ಇರುತ್ತಿರಲಿಲ್ಲ. ಅವನು ಕೈಬಿಡುವು ಮಾಡಿಕೊಂಡು ಪೊಟ್ಟಣ ಮುಟ್ಟುವ ಹೊತ್ತಿಗೆ ಬನ್ನು ತಣ್ಣಗಾಗಿ, ಬೆಣ್ಣೆ ಮೇಣವಾಗಿತ್ತು. ಅವನು ಅತ್ತಿತ್ತ ನೋಡಿ, ಬಿಚ್ಚದ ಆ ಪೊಟ್ಟಣದ ಮೇಲೆ ಕೆಂಡ ತುಂಬಿದ ಹಳೆಯ ಇಸ್ತ್ರಿ ಪೆಟ್ಟಿಗೆಯೊಂದನ್ನು ಇಟ್ಟು, ಮಗುಚಿ ಮಗುಚಿ ಒತ್ತಿದ. ಚುಂಯ್ ಎಂದಿತು. ತೆಗೆದು ನೋಡಿದರೆ ಬನ್ನು ಅಂಗೈಯಷ್ಟು ಚಪ್ಪಟೆಯಾಗಿ, ಎರಡೂ ಕಡೆ ಹೊಂಬಣ್ಣಕ್ಕೆ ತಿರುಗಿ, ಅಂಚಿನಲ್ಲಿ ಈರುಳ್ಳಿ ಸೀದು ಗರಿಗರಿಯಾಗಿತ್ತು.

ಸಮವಸ್ತ್ರ ಒಯ್ಯಲು ಬಂದಿದ್ದ ಚಾಲಕನೊಬ್ಬ ಮೂಗರಳಿಸಿದ. "ಏನ್ ಮಾಮ ಇದು, ಅಂಗಿ ಜೇಬಲ್ಲಿ ತಿಂಡಿ ಬಿಟ್ಟು ಇಸ್ತ್ರಿ ಹಾಕಿದ್ರಾ?"

"ನನ್ನ ಊಟ ಕಣಯ್ಯಾ."

"ನಮ್ಮದೂ ಅಂತ ಹೇಳಬಾರದಾ?"

ಮೇಸ್ತ್ರಿ ಬನ್ನನ್ನು ಮುರಿದು ಅರ್ಧ ಕೊಟ್ಟ. ಹಸಿದವನ ಎದುರಿಗೆ ಒಬ್ಬನೇ ಉಣ್ಣಬಾರದೆಂಬುದು ಅವನ ತಂದೆ ಕಲಿಸಿಹೋದ ನಡತೆ. ಅಂದು ಅವನು ಕೊಟ್ಟದ್ದು ಅರ್ಧ ಬನ್ನು. ಪಡೆದುಕೊಂಡದ್ದು ಬದುಕಿಡೀ ತೀರದ ತಲೆನೋವು.

ಮರುದಿನ ಆ ಚಾಲಕ ಇನ್ನಿಬ್ಬರನ್ನು ಕರೆತಂದ. ವಾರದೊಳಗೆ ಅಂಗಡಿಯ ಮುಂದೆ ಬಟ್ಟೆಯ ಗಂಟಿಲ್ಲದ ಜನ ನಿಲ್ಲತೊಡಗಿದರು. ಹೆಂಡತಿ ಹಿಂದಿನ ಮನೆಯಲ್ಲಿ ಬನ್ನು ತುಂಬಿ ತುಂಬಿ ಕಳಿಸುವಳು, ಇವನು ಒತ್ತಿ ಒತ್ತಿ ಕೊಡುವನು. ಅವಳ ತಮ್ಮ ಅದೇ ಡಿಪೋದಲ್ಲಿ ನಿರ್ವಾಹಕ. ಟಿಕೆಟ್ಟಿಗಿಂತ ಮಾತನ್ನೇ ಹೆಚ್ಚು ಹರಿಯುವ ಆಸಾಮಿ. "ನಮ್ಮ ಬಾವನ ಇಸ್ತ್ರಿ ಬನ್ ತಿಂದಿಲ್ವಾ? ಹಾಗಾದ್ರೆ ನೀವು ತಿಂದಿದ್ದೆಲ್ಲ ಬರೀ ಹೊಟ್ಟೆ ತುಂಬಿಸ್ಕೊಂಡಿದ್ದು" ಎಂದು ಪ್ರಯಾಣಿಕರ ಕಿವಿಗೆ ಊದುತ್ತಿದ್ದ.

ಹೀಗೆ ಆ ತಿಂಡಿ ಬಸ್ಸು ಹತ್ತಿ ಹೊರಟಿತು. ಬಸ್ಸು ಹೋದ ದಾರಿಯೇ ಅದರ ದಾರಿ. ಚಾಲಕರು ಬಸ್ಸು ತಂಗುವ ಊರುಗಳಲ್ಲಿ ಟೀ ಅಂಗಡಿಯವರಿಗೆ ಅದರ ಹದ ಹೇಳಿಕೊಟ್ಟರು. ಅಲ್ಲಿಯವರು ಹಳೆಯ ಸಾಮಾನಿನ ಅಂಗಡಿಗಳಲ್ಲಿ ಹುಡುಕಿ ಕೆಂಡದ ಪೆಟ್ಟಿಗೆಗಳನ್ನು ತಂದರು. ಬಸ್ಸು ಎಲ್ಲಿ ತಿರುಗಿ ನಿಲ್ಲುತ್ತಿತ್ತೋ ಅಲ್ಲೆಲ್ಲ ಕಾದ ಬೆಣ್ಣೆಯ ವಾಸನೆ ಏಳತೊಡಗಿತು. ಬಸ್ಸಿಲ್ಲದ ಊರಿನಲ್ಲಿ ಇಸ್ತ್ರಿ ಬನ್ನೂ ಇರಲಿಲ್ಲ.

ಒಮ್ಮೆ ಮೇಸ್ತ್ರಿ ನೆಂಟರೊಬ್ಬರನ್ನು ನೋಡಿಬರಲು ದೂರದ ಊರಿಗೆ ಹೋದವನು, ಅಲ್ಲಿಯ ನಿಲ್ದಾಣದಲ್ಲಿ 'ಮೂಲ ಇಸ್ತ್ರಿ ಬನ್, ಇಲ್ಲಿ ಮಾತ್ರ' ಎಂಬ ಹಲಗೆ ಕಂಡು ನಿಂತುಬಿಟ್ಟ.

"ಮೂಲ ಅಂದ್ರೆ ಹೇಗಪ್ಪಾ?" ಎಂದು ಕೇಳಿದ.

"ನಮ್ಮ ಮುತ್ತಾತ ದಂಡಿನಲ್ಲಿದ್ರು ಸ್ವಾಮಿ. ಯುದ್ಧದಲ್ಲಿ ಒಲೆ ಇರಲಿಲ್ಲ, ಕಾದ ಗುರಾಣಿ ಕೆಳಗೆ ಬನ್ ಇಟ್ಟು ಒತ್ತಿದ್ರು."

"ಡಿಪೋ ಎದುರು ಯಾರೋ ಒಬ್ಬ ಇಸ್ತ್ರಿಯವನು ಮಾಡ್ತಾನಂತಲ್ಲ?"

"ಅಯ್ಯೋ, ಅವನಾ! ಇಲ್ಲಿಂದ ಕದ್ದುಕೊಂಡು ಹೋಗಿದ್ದು. ನೀವು ಅಲ್ಲಿ ತಿನ್ನಬೇಡಿ, ಬಟ್ಟೆ ಸೋಪಿನ ವಾಸನೆ ಬರುತ್ತೆ."

ಮೇಸ್ತ್ರಿ ಏನೆಂದು ವಾದಿಸುವುದು? ಬೇಡದ ಕೂಸಿಗೆ ತಾನೇ ತಂದೆಯೆಂದು ಬೀದಿಯಲ್ಲಿ ನಿಂತು ಕೂಗುವುದೆ? ಎದುರಿಗೆ ಮಾತಾಡುತ್ತಿದ್ದವನ ಅಂಗಿಯ ತೋಳಿಗೆ ಒಂದಿರಬೇಕಾದಲ್ಲಿ ಎರಡೆರಡು ಗೆರೆ ಬಿದ್ದಿದ್ದುದು ಮಾತ್ರ ಅವನ ಕಣ್ಣನ್ನು ಚುಚ್ಚುತ್ತಲೇ ಇತ್ತು.

ಈ ಹೊತ್ತಿಗೆ ಅವನ ಹೆಸರೂ ಕೈತಪ್ಪಿತ್ತು. ಗೆರೆ ಮೇಸ್ತ್ರಿ ಹೋಗಿ ಬನ್ ಮಾಮ ಆಗಿದ್ದ. ಬಟ್ಟೆಯ ಗಂಟುಗಳು ಮೂಲೆಯಲ್ಲಿ ಬೆಟ್ಟವಾಗಿ ಬೆಳೆಯುತ್ತಿದ್ದರೆ ಜನ ಅವುಗಳ ಮೇಲೆಯೇ ಕುಳಿತು ಬನ್ನು ಮೆಲ್ಲುತ್ತಿದ್ದರು. "ಏಳ್ರಯ್ಯಾ, ಅದು ಅಂಗಿ, ದಿಂಬಲ್ಲ" ಎಂದು ಕೂಗಿ ಕೂಗಿ ಅವನ ಗಂಟಲು ಒಡೆದುಹೋಗಿತ್ತು. ಮೂಗಿಗಿಂತ ಮೂಗುತಿ ಭಾರವಾಯಿತೆಂದರೆ ಇದೇ. ಬನ್ನಿಗೊಂದು, ಬಟ್ಟೆಗೊಂದು ಎಂದು ಅವನು ಪೆಟ್ಟಿಗೆಗಳನ್ನು ಬೇರೆ ಮಾಡಿ, ಬನ್ನಿನದು ಮೇಜಿಗೆ ಸೋಕದಂತೆ ಕಲ್ಲಿನ ಮೇಲೆ ಇಡುತ್ತಿದ್ದ. ಪೆಟ್ಟಿಗೆಯನ್ನು ಬೇರೆ ಮಾಡಬಹುದು, ಗಾಳಿಯನ್ನು ಮಾಡುವುದು ಹೇಗೆ? ಸಮವಸ್ತ್ರಗಳೆಲ್ಲ ಈರುಳ್ಳಿಯ ವಾಸನೆ ಹೀರಿಕೊಂಡವು.

ಕಡೆಗೆ ಡಿಪೋದ ಸಾಹೇಬರು ಕರೆಸಿದರು. ಅವರು ಕೆಟ್ಟವರಲ್ಲ; ಬೇಸತ್ತವರು.

"ಏನ್ ಮೇಸ್ತ್ರಿ, ಚಾಲಕರ ಪಕ್ಕ ಕೂತವರು ಇಲ್ಲೇನು ಅಡುಗೆ ಮನೆ ಇದೆಯಾ ಅಂತ ಕೇಳ್ತಾರಂತೆ. ತಿಂಗಳ ಕೊನೆಗೆ ಮೇಲಿನವರು ತಪಾಸಣೆಗೆ ಬರ್ತಾರೆ. ಊರಾಚೆ ಯಂತ್ರದ ಲಾಂಡ್ರಿಯವರು ಕೆಲಸ ನಮಗೆ ಕೊಡಿ ಅಂತ ದಿನಾ ಬಾಗಿಲು ಬಡೀತಿದಾರೆ. ಇನ್ನೊಂದು ದೂರು ಬಂತು ಅಂದ್ರೆ ನನ್ನ ಕೈಯಲ್ಲಿ ಏನೂ ಇರಲ್ಲ."

"ತಂದೆ ಕಾಲದ ಕೆಲಸ ಸ್ವಾಮಿ. ಹಾಗೆ ಮಾಡಬೇಡಿ."

"ಹಾಗಾದ್ರೆ ಬನ್ ಬಿಡಿ."

ಅವನು ಮನೆಗೆ ಬಂದವನೇ ಬನ್ನಿನ ಪೆಟ್ಟಿಗೆಯ ಕೆಂಡ ಸುರಿದು, ನೀರು ಹುಯ್ದು, ಅದನ್ನು ಅಟ್ಟಕ್ಕೆ ಎಸೆದ. ಹೆಂಡತಿ ಈರುಳ್ಳಿ ಹೆಚ್ಚುತ್ತಿದ್ದವಳು ಕತ್ತಿ ಕೆಳಗಿಟ್ಟಳು.

"ಏನ್ರೀ ಇದು? ಊರೆಲ್ಲ ಬಾಯಿ ಚಪ್ಪರಿಸಿಕೊಂಡು ತಿನ್ನೋವಾಗ ನಿಮಗೊಬ್ಬರಿಗೆ ಹೊಟ್ಟೆನೋವಾ?"

"ನಾನು ಅಡುಗೆಯವನಲ್ಲ ಕಣೇ. ಇಸ್ತ್ರಿಯವನು."

"ಅಡುಗೆ ಮಾಡ್ತಿರೋದು ನಾನು. ನೀವು ಬರೀ ಒತ್ತೋದು. ಅಂಗಿ ಆದ್ರೇನು, ಬನ್ ಆದ್ರೇನು, ಒತ್ತೋ ಕೆಲಸ ಒಂದೇ ತಾನೇ?"

"ಒಂದೇ? ಏನಂದೆ, ಒಂದೇನಾ?"

ಹೊಸ್ತಿಲಲ್ಲಿ ಕುಳಿತು ಅರ್ಧ ಬನ್ನು ಬಾಯಲ್ಲಿಟ್ಟುಕೊಂಡಿದ್ದ ಭಾವಮೈದ ನಡುವೆ ಬಾಯಿ ಹಾಕಿದ. "ಬಾವ, ಕೋಪ ಮಾಡ್ಕೋಬೇಡಿ. ನಾವು ಸೀಟಲ್ಲಿ ಕೂತ್ರೆ ನಿಮ್ಮ ಗೆರೆ ಮೊದಲ ಸ್ಟಾಪಿಗೇ ಹೋಗುತ್ತೆ. ಬನ್ ಆದ್ರೆ ಮಧ್ಯಾಹ್ನದವರೆಗೂ ಹೊಟ್ಟೇಲಿರುತ್ತೆ."

"ನಿನ್ನ ನಾಲಿಗೆಗೇ ಒಂದು ಸಲ ಇಸ್ತ್ರಿ ಹಾಕಬೇಕು ಕಣೋ!"

"ಹಾಕಿ ಬಾವ. ಬೆಣ್ಣೆ ಸವರಿ ಹಾಕಿ."

ಅಕ್ಕ ಸೆರಗು ಬಾಯಿಗಿಟ್ಟು ನಕ್ಕಳು. ಮೇಸ್ತ್ರಿಗೆ ನಗು ಬರಲಿಲ್ಲ. ಅವರಿಬ್ಬರಲ್ಲಿ ಯಾರೂ ದುಷ್ಟರಲ್ಲ, ಅವನ ಮೇಲೆ ಪ್ರೀತಿಯಿಲ್ಲದವರೂ ಅಲ್ಲ. ಆದರೆ ಮನುಷ್ಯನಿಗೆ ಅತ್ಯಂತ ಒಂಟಿತನ ಉಂಟಾಗುವುದು ಹಗೆಗಳ ನಡುವೆಯಲ್ಲ; ತನ್ನ ಪ್ರಾಣವಿರುವ ಜಾಗ ಯಾವುದೆಂದು ತಿಳಿಯದೆ ಪಕ್ಕದಲ್ಲೇ ಉಂಡು ನಗುವ ತನ್ನವರ ನಡುವೆ.

ಆ ದಿನದಿಂದ ಅವನು ಬನ್ನು ನಿಲ್ಲಿಸಿದ. ಬಂದವರು ಬೇಡಿದರು, ಬೈದರು. "ಸೊಕ್ಕು ಬಂದಿದೆ ಮಾಮನಿಗೆ" ಎಂದು ಗೊಣಗಿ, ಎದುರುಸಾಲಿನಲ್ಲಿ ಆಗಲೇ ತಲೆಯೆತ್ತಿದ್ದ ಬೇರೆ ಬನ್ನಿನ ತಳ್ಳುಗಾಡಿಗಳತ್ತ ಹೋದರು. ಅವನು ಗೋಡೆಗೆ ಸುಣ್ಣ ಬಳಿದ, ಕಂಬಳಿಯನ್ನು ಬಿಸಿಲಿಗೆ ಹಾಕಿದ, ಮೇಜನ್ನು ಸೋಡಾ ನೀರಿನಲ್ಲಿ ಉಜ್ಜಿ ತೊಳೆದ. ತಪಾಸಣೆಯ ದಿನಕ್ಕಾಗಿ ಡಿಪೋದ ಸಮವಸ್ತ್ರಗಳೆಲ್ಲ ಒಗೆದು ಬಂದವು. ಇಷ್ಟು ವರ್ಷದ ನಿಷ್ಠೆ ಒಂದು ಬೆಳಗಿನ ಕೆಲಸದಲ್ಲಿ ಅಳೆಯಲ್ಪಡುವುದಿತ್ತು.

ಆ ಬೆಳಿಗ್ಗೆ ಅವನು ಪ್ರಾರ್ಥನೆ ಮುಗಿಸಿ, ಹೊಸ ಇದ್ದಿಲು ತುಂಬಿ, ಬೀಸಣಿಗೆಯಿಂದ ಕೆಂಡ ಚಿಗುರಿಸಿ, ಪೆಟ್ಟಿಗೆಯನ್ನು ಹದಕ್ಕೆ ತಂದಿದ್ದ. ಅಂಗಿಗಳಿಗೆ ನೀರು ಚಿಮುಕಿಸಿ ಸುರುಳಿ ಸುತ್ತಿ ಇಟ್ಟಿದ್ದ. ಮೊದಲ ಅಂಗಿಯನ್ನು ಹರಡಬೇಕು, ಅಷ್ಟರಲ್ಲಿ ಒಬ್ಬ ಚಾಲಕ ಬಾಗಿಲ ಕಂಬ ಹಿಡಿದು ನಿಂತ. ಅಂದು ಮೊದಲ ಬಾರಿ ಮುರಿದು ಕೊಟ್ಟ ಅರ್ಧ ಬನ್ನನ್ನು ತಿಂದಿದ್ದವನೇ. ಮಗಳಿಗೆ ಜ್ವರವೆಂದು ಆಸ್ಪತ್ರೆಯಲ್ಲಿ ಕುಳಿತಿದ್ದವನು ಅಲ್ಲಿಂದ ನೇರವಾಗಿ ಡಿಪೋಗೆ ಬಂದಿದ್ದ.

"ಮಾಮ, ನಿನ್ನೆಯಿಂದ ಒಂದು ತುತ್ತು ಇಳಿದಿಲ್ಲ. ತಪಾಸಣೆ ಲೈನಲ್ಲಿ ಬೇರೆ ನಿಲ್ಲಬೇಕು. ಒಂದೇ ಒಂದು."

"ನಿಲ್ಲಿಸಿಬಿಟ್ಟಿದೀನಿ ಕಣಪ್ಪಾ. ಎದುರಿಗೆ ಹೋಗು."

"ಎದುರಿಗೆ ಇನ್ನೂ ಗಾಡಿ ತೆಗೆದಿಲ್ಲ." ಅವನು ಅಲ್ಲೇ ಹೊಸ್ತಿಲ ಮೇಲೆ ಕುಳಿತುಬಿಟ್ಟ.

ಮೇಸ್ತ್ರಿ ಮೇಲೆ ನೋಡಿದ. ಬನ್ನಿನ ಪೆಟ್ಟಿಗೆ ಅಟ್ಟದಲ್ಲಿ ತಣ್ಣಗೆ ಬಿದ್ದಿತ್ತು. ಅದನ್ನು ಇಳಿಸಿ, ಕೆಂಡ ಹಾಕಿ, ಕಾಯಿಸುವುದಕ್ಕೆ ಹೊತ್ತಿಲ್ಲ. ಕಾದದ್ದು ಒಂದೇ ಒಂದು, ಬಟ್ಟೆಯದು. "ತಣ್ಣಗಿರೋದನ್ನೇ ಕೊಡಬಹುದಿತ್ತಲ್ಲ ಬಾವ?" ಎಂದು ಆಮೇಲೆ ಭಾವಮೈದ ಕೇಳಿದ. ಕೊಡಬಹುದಿತ್ತು. ಆದರೆ ಕೊಡುವ ಕೈಗೆ ಅಭ್ಯಾಸವೊಂದು ಬಿದ್ದುಹೋಗಿರುತ್ತದೆ, ಅರೆಮನಸ್ಸಿನಿಂದ ಕೊಡಲು ಬರುವುದಿಲ್ಲ. ಅವನು ಮನೆಯವರ ತಿಂಡಿಗೆಂದು ಹೆಂಡತಿ ತುಂಬಿಟ್ಟಿದ್ದ ಬನ್ನು ತರಿಸಿ, ಕಾಗದವನ್ನು ನಾಲ್ಕು ಮಡಿಕೆ ಮಾಡಿ ಸುತ್ತಿ, ಕಣ್ಣು ಮುಚ್ಚಿ ಬಟ್ಟೆಯ ಪೆಟ್ಟಿಗೆಯನ್ನೇ ಅದರ ಮೇಲಿಟ್ಟ. ಚಾಲಕ ತಿಂದ, ಕಣ್ಣಲ್ಲಿ ನೀರು ತುಂಬಿಕೊಂಡು "ದೇವರು ನಿಮ್ಮನ್ನ ಚೆನ್ನಾಗಿಟ್ಟಿರಲಿ" ಎಂದು ಹೇಳಿ ಹೋದ.

ಮೇಸ್ತ್ರಿ ಪೆಟ್ಟಿಗೆಯ ತಳವನ್ನು ಒಮ್ಮೆ, ಇನ್ನೊಮ್ಮೆ ಒರೆಸಿದ. ತಳ ಶುದ್ಧವೋ ಅಲ್ಲವೋ ಎಂದು ಇಸ್ತ್ರಿಯವರು ಕಣ್ಣಿನಿಂದ ನೋಡುವುದಿಲ್ಲ, ಮೂಗಿನಿಂದ ನೋಡುತ್ತಾರೆ. ಅವನೂ ಮೂಗಿನ ಬಳಿ ಹಿಡಿದು ನೋಡಿದ. ಏನೂ ಬರಲಿಲ್ಲ. ಬರುವುದಾದರೂ ಹೇಗೆ? ಇಷ್ಟು ಕಾಲ ಈರುಳ್ಳಿ ಬೆಣ್ಣೆಗಳ ಹೊಗೆಯಲ್ಲಿ ನಿಂತ ಆ ಮೂಗಿಗೆ ಅವು ವಾಸನೆಯೆಂದೇ ಅನಿಸದಂತಾಗಿತ್ತು. ಕಾಗದದಿಂದ ಜಿನುಗಿ ತಳದ ಅಂಚಿನ ಸಂದಿನಲ್ಲಿ ಸೇರಿಕೊಂಡ ಬೆಣ್ಣೆ ಕೆಂಡದ ಕಾವಿಗೆ ಮೆಲ್ಲಗೆ ಕರಗುತ್ತ ಕುಳಿತಿತ್ತು.

ಅವನು ಮೊದಲ ಅಂಗಿಯನ್ನು ಬೋರಲು ಹರಡಿ, ಬೆನ್ನಿನ ನಡುಮಧ್ಯದಲ್ಲಿ ಪೆಟ್ಟಿಗೆ ಇಟ್ಟು, "ಮನೆ ಸೇರಲಿ ತಂದೇ" ಎಂದ. ಅಂದು ಇನ್ನಷ್ಟು ಭಕ್ತಿಯಿಂದ, ಉಸಿರು ಎಂದಿಗಿಂತ ಉದ್ದವಾಗಿ. ಒಂದಾದ ಮೇಲೆ ಒಂದು, ಎಲ್ಲ ಅಂಗಿಗಳಿಗೂ ಹಾಗೆಯೇ. ಒದ್ದೆ ಖಾಕಿಯ ಮೇಲೆ ಎಣ್ಣೆ ಕಾಣುವುದಿಲ್ಲ. ಅಂಗಿಗಳು ಬಿಸಿಯಾರದೆ, ತೇವವೂ ಪೂರ್ತಿ ಆರದೆ ಡಿಪೋಗೆ ಹೋದವು.

ತಪಾಸಣೆಯನ್ನು ನೋಡಲು ಅವನೂ ಹೋಗಿ ಬೇಲಿಯ ಬಳಿ ನಿಂತ. ಚಾಲಕರು, ನಿರ್ವಾಹಕರು ಸಾಲಾಗಿ ನಿಂತಿದ್ದರು. ಮುಂದಿನಿಂದ ನೋಡಿದರೆ ಕಣ್ಣಿಗೆ ಹಬ್ಬ! ತೋಳಿನ ಗೆರೆಗಳು ಒಂದೇ ದಾರದಲ್ಲಿ ಪೋಣಿಸಿದ ಹಾಗಿದ್ದವು. ಮೇಲಿನವರು ಮೆಚ್ಚಿ ತಲೆದೂಗುತ್ತ ಸಾಲಿನ ಮುಂದೆ ನಡೆದರು. ಮೇಸ್ತ್ರಿಯ ಎದೆಯಲ್ಲಿ ಎಷ್ಟೋ ಕಾಲದಿಂದ ಬಿಗಿದಿದ್ದ ಗಂಟೊಂದು ಸಡಿಲವಾಯಿತು.

ಅಷ್ಟರಲ್ಲಿ ಬಿಸಿಲು ಏರಿ ಖಾಕಿ ಒಣಗಿತು. ಮೇಲಿನವರು ಸಾಲಿನ ಹಿಂದಕ್ಕೆ ಬಂದರು, ಬಂದವರು ನಿಂತರು. ಪ್ರತಿಯೊಂದು ಬೆನ್ನಿನ ನಡುವೆ ಇಸ್ತ್ರಿ ಪೆಟ್ಟಿಗೆಯ ಮೂತಿಯ ಆಕಾರದ ಎಣ್ಣೆಯ ಗುರುತು ಮೂಡಿತ್ತು. ಮೊದಲ ಬೆನ್ನಿನ ಮೇಲೆ ಕಪ್ಪಗೆ, ಮುಂದಿನವುಗಳ ಮೇಲೆ ಬರಬರುತ್ತ ತೆಳ್ಳಗೆ, ಕಡೆಯವನ ಬೆನ್ನಿನ ಮೇಲೆ ನೆರಳಿನಷ್ಟು. ಅವನು ಎಲ್ಲೆಲ್ಲಿ ದೇವರನ್ನು ನೆನೆದಿದ್ದನೋ ಸರಿಯಾಗಿ ಅಲ್ಲಲ್ಲಿಯೇ.

"ಏನಿದು? ಹೊಸ ಲಾಂಛನವಾ?" ಎಂದು ಮೇಲಿನವರು ಕೇಳಿದರು. ಅವರು ಬಾಗಿ ಮೂಸಿ ನೋಡಿದರು. ಮುಖ ಅರಳಿತು. "ಅರೆ, ಇಸ್ತ್ರಿ ಬನ್! ನಮ್ಮ ಕಚೇರಿ ಕೆಳಗೂ ಒಬ್ಬ ಮಾರ್ತಾನೆ. ಇಲ್ಲಿ ಯಾರು ಮಾಡೋದು?"

ಭಾವಮೈದ ಸಾಲಿನಲ್ಲಿ ನಿಂತಲ್ಲಿಂದಲೇ ಕೈ ಎತ್ತಿದ. "ನಮ್ಮ ಬಾವ ಸಾರ್! ಹುಟ್ಟಿದ್ದೇ ಇವರ ಕೈಯಲ್ಲಿ. ಅಗೋ, ಬೇಲಿ ಹತ್ತಿರ!"

ಮೇಸ್ತ್ರಿ ಭೂಮಿ ಬಾಯಿಬಿಡಬಾರದೆ ಎಂದುಕೊಳ್ಳುತ್ತ ಮುಂದೆ ಬಂದು ಕೈಮುಗಿದ. "ತಪ್ಪಾಯ್ತು ಸ್ವಾಮಿ. ನನ್ನ ಕೈಯದೇ ತಪ್ಪು. ಅಂಗಿಗಳನ್ನ ಕೊಡಿಸಿ. ತೊಳೆದು, ಮತ್ತೆ ಇಸ್ತ್ರಿ ಹಾಕಿ, ಮೊದಲಿನ ಹಾಗೇ ತಂದು ಕೊಡ್ತೀನಿ."

"ಅಂಗಿ ಬಿಡಿ ಮಾಮ! ಯಂತ್ರದ ಲಾಂಡ್ರಿಯವರಿದ್ದಾರೆ, ಅವರು ನೋಡ್ಕೋತಾರೆ. ನಿಮ್ಮಂಥವರು ಹೊರಗಿದ್ದು ಬಟ್ಟೆ ಒತ್ತೋದಾ? ಕ್ಯಾಂಟೀನಲ್ಲಿ ಜಾಗ ಕೊಡಿಸ್ತೀನಿ. ಬನ್ ಮಾಡಿ" ಎಂದರು ಮೇಲಿನವರು.

ಡಿಪೋದ ಸಾಹೇಬರು ನೆಮ್ಮದಿಯ ಉಸಿರು ಬಿಟ್ಟರು. ಸಾಲಿನಲ್ಲಿ ಚಪ್ಪಾಳೆ ಎದ್ದಿತು. ತಪ್ಪಿಗೆ ಶಿಕ್ಷೆಯಾಗಿದ್ದರೆ ಅವನು ತಲೆಬಾಗಿ ಹೊತ್ತುಕೊಳ್ಳುತ್ತಿದ್ದ. ಬಹುಮಾನವನ್ನು ಹೊರುವುದು ಹೇಗೆ? ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಇಲ್ಲಿ ದೊಣ್ಣೆ ಹಿಡಿದವರು ಅವನ ಬೆನ್ನನ್ನೂ ತಟ್ಟುತ್ತಿದ್ದರು.

ಆದರೂ ಅವನು ಬಿಡಲಿಲ್ಲ. ಹಟ ಹಿಡಿದು ಅಂಗಿಗಳನ್ನು ಹೊತ್ತು ತಂದು, ಗುರುತಿನ ಮೇಲೆ ಸೀಮೆಸುಣ್ಣದ ಪುಡಿ ಉದುರಿಸಿ ಎಣ್ಣೆ ಹೀರಿಸಿ, ಬಿಸಿನೀರಿನಲ್ಲಿ ಉಜ್ಜಿ ತೊಳೆದು, ಹೊಸ ಪೆಟ್ಟಿಗೆ ಕೊಂಡು ಒಂದೊಂದಕ್ಕೂ ಇಸ್ತ್ರಿ ಹಾಕಿದ. ಬದುಕಿನಲ್ಲಿ ಅಷ್ಟು ಚೊಕ್ಕವಾಗಿ ಅವನು ಎಂದೂ ಮಾಡಿರಲಿಲ್ಲ. ಹೊತ್ತುಕೊಂಡು ಹೋಗಿ ಉಗ್ರಾಣದವನ ಕೈಗೆ ಕೊಟ್ಟ. ಉಗ್ರಾಣದವನು ಅವನ್ನು ಕಪಾಟಿಗೆ ತುರುಕಿ, ಮೇಲೆ ಟಯರಿನ ಟ್ಯೂಬುಗಳ ಪೆಟ್ಟಿಗೆ ಇಟ್ಟ. "ಕ್ಯಾಂಟೀನ್ ಯಾವಾಗ ಶುರು ಮಾಮ?" ಎಂದು ಕೇಳಿದ.

ಕ್ಯಾಂಟೀನು ಶುರುವಾಯಿತು. ಹೆಂಡತಿಯದೇ ಕಾರುಬಾರು. ಅವಳು ಅಲ್ಲಿ ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತರೆ ಸೇನಾಪತಿಯ ಠೀವಿ. ಅವಳ ಕೈಗುಣಕ್ಕೆ ಸಲ್ಲಬೇಕಾದ ಮನ್ನಣೆ ಅವಳಿಗೆ ಸಂದಿತು. ಅದು ಭಗವಂತನ ನ್ಯಾಯವೇ ಸರಿ, ಮೇಸ್ತ್ರಿಯೂ ಅದನ್ನು ಅಲ್ಲಗಳೆಯಲಿಲ್ಲ. "ನೀವೂ ಬನ್ನಿ, ಒತ್ತೋಕೆ ಕೈ ಸಾಲ್ತಿಲ್ಲ" ಎಂದು ಅವಳು ದಿನವೂ ಕರೆದಳು. "ಅದಕ್ಕೆ ಯಾವ ಕೈ ಆದ್ರೂ ಆಗುತ್ತೆ. ಅಂಗಿಗೆ ಆಗಲ್ಲ" ಎಂದು ಅವನು ದಿನವೂ ಹೇಳಿದ. ಅವನು ಹಟಮಾರಿಯೆಂದು ಜನ ಆಡಿಕೊಂಡರು. ಇದ್ದರೂ ಇರಬಹುದು. ದೇವರು ತನ್ನ ಕೈಗೆ ಕೊಟ್ಟ ಕೆಲಸ ಯಾವುದೆಂದು ಬಲ್ಲವನನ್ನು ಲೋಕ ಕರೆಯುವುದೇ ಹಾಗೆ.

ಡಿಪೋದ ಬಟ್ಟೆ ಬರುವುದು ನಿಂತುಹೋಯಿತು. ಬೆಳಗಿನ ಬಸ್ಸುಗಳ ಕಿಟಕಿಯಲ್ಲಿ ಈಗ ಯಂತ್ರದಿಂದ ಬಂದ, ಮಡಿಸಿದಲ್ಲೆಲ್ಲ ಅಡ್ಡಗೆರೆ ಬಿದ್ದ ಕಾಲರುಗಳು. ಅವನು ಬಾಗಿಲಿಗೆ ಬಂದು ನೋಡುವುದನ್ನೇ ಬಿಟ್ಟ. ಅಕ್ಕಪಕ್ಕದ ಮನೆಗಳ ನಾಲ್ಕಾರು ಅಂಗಿ ಬಂದರೆ ಉಂಟು, ಇಲ್ಲದಿದ್ದರೆ ಇಲ್ಲ. ಪೆಟ್ಟಿಗೆ ಮಾತ್ರ ಪ್ರತಿದಿನ ಹದಕ್ಕೆ ಕಾದಿರುತ್ತಿತ್ತು.

ಒಂದು ಬೆಳಿಗ್ಗೆ ದೂರದ ಊರಿನವನೊಬ್ಬ ಚೀಲ ಹೆಗಲಿಗೇರಿಸಿಕೊಂಡು ಆತುರಾತುರವಾಗಿ ಬಂದು ಮೇಜಿನ ಮುಂದೆ ನಿಂತ. ಬಸ್ಸಿನಲ್ಲಿ ಮಲಗಿ ಎದ್ದ ಅವನ ಅಂಗಿ ಮುದುಡಿ ಮುದ್ದೆಯಾಗಿತ್ತು. ಮೇಸ್ತ್ರಿಯ ಕೈ ತಾನಾಗಿಯೇ ಪೆಟ್ಟಿಗೆಯ ಹಿಡಿಯತ್ತ ಹೋಯಿತು.

"ಇಲ್ಲೇ ಅಲ್ವಾ ಇಸ್ತ್ರಿ?"

"ಇಲ್ಲೇ ಸ್ವಾಮಿ, ಇಲ್ಲೇ. ಬನ್ನಿ."

"ಬಿಸಿ ಬಿಸಿ ಎರಡು ಕೊಡಿ. ಬೆಣ್ಣೆ ಜಾಸ್ತಿ ಇರಲಿ."

ಮೇಸ್ತ್ರಿ ಪೆಟ್ಟಿಗೆಯನ್ನು ಕಲ್ಲಿನ ಮೇಲೆ ಇಟ್ಟ. "ಇಲ್ಲಿ ಬಟ್ಟೆಗೆ ಮಾತ್ರ ಕಣಪ್ಪಾ. ನೀನು ಕೇಳ್ತಿರೋದು ಗೇಟಿನ ಒಳಗೆ, ನಮ್ಮವಳ ಹತ್ತಿರ ಸಿಗುತ್ತೆ. ಹಸಿದಿದ್ದೀಯ, ಬೇಗ ಹೋಗು."

ಬಂದವನು ಥ್ಯಾಂಕ್ಸ್ ಎಂದೇನೋ ಗೊಣಗಿ ರಸ್ತೆ ದಾಟಿದ. ಸುಕ್ಕುಗಟ್ಟಿದ ಆ ಬೆನ್ನು ದೂರವಾಗುತ್ತಿದ್ದುದನ್ನು ಮೇಸ್ತ್ರಿ ಒಂದು ಗಳಿಗೆ ನೋಡಿದ, ಎರಡು ಗಳಿಗೆ ನೋಡಿದ. ಮೂರನೆಯದಕ್ಕೆ ತಡೆಯಲಾಗದೆ ಬಾಗಿಲಾಚೆ ಬಂದು ನಿಂತ.

"ಏ ತಮ್ಮಾ! ಆ ಕಾಲರ್ ಒಂದನ್ನಾದರೂ ಕೊಟ್ಟು ಹೋಗೋ! ದುಡ್ಡು ಬೇಡ ಕಣೋ!"

ಬಸ್ಸೊಂದು ಹಾರನ್ ಬಾರಿಸುತ್ತ ಗೇಟಿನೊಳಗೆ ತಿರುಗಿತು. ಹೋಗುತ್ತಿದ್ದವನಿಗೆ ಕೂಗು ಕೇಳಿಸಲಿಲ್ಲ.